ಚಾಕು ಹಿಡಿಗೆ ಎಣ್ಣೆ ಹಚ್ಚೋದಲ್ಲ, ಒರೆಸೋದೇ ಕೆಲಸ

ಕಳೆದ ಜುಲೈನಲ್ಲಿ ಮುಂಬೈ ಮುಲುಂಡ್‌ನ ನಮ್ಮ ಪಕ್ಕದ ಮನೆ ಶೆಟ್ರು ಒಂದು ಚಾಕು ತಂದು ತೋರಿಸಿದ್ರು. ಅಲೆಅಲೆ ಗೆರೆ ಇರೋ ಮಾವಿನ ಮರದ ಹಿಡಿ, ಬೆಳಕಿಗೆ ತಿರುಗಿಸಿದ್ರೆ ರೇಷ್ಮೆ ಸೆರಗಿನ ಥರ ಹೊಳೀಬೇಕಿತ್ತು, ಮುಟ್ಟಿದ್ರೆ ಬೆಲ್ಲದ ಪಾಕ! ದಪ್ಪಕ್ಕೆ ಎಣ್ಣೆ ಬಳಿದು ಪೇಪರ್ ಮೇಲೆ ಮಲಗಿಸಿದ್ರಂತೆ, ಹಿಡಿ ತುಂಬ ಮರಾಠಿ ಅಕ್ಷರ ಉಲ್ಟಾ ಅಚ್ಚಾಗಿತ್ತು.

ಮೊದ್ಲು ಯಾವ ಎಣ್ಣೆ ಅಂತ. ಬಾಯಿಲ್ಡ್ ಲಿನ್ಸೀಡ್ (ಬೇಗ ಒಣಗೋ ಹಾಗೆ ಮಾಡಿದ ಅಗಸೆ ಎಣ್ಣೆ) ಇಲ್ಲಾ ಡ್ಯಾನಿಶ್ ಆಯಿಲ್ (ಎಣ್ಣೆಗೆ ವಾರ್ನಿಶ್ ಬೆರೆಸಿದ್ದು) ತಗೊಳ್ಳಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗೋದೇ ಇಲ್ಲ, ಆಮೇಲೆ ಕಮಟು ವಾಸನೆ. ಮೇಲೆ ಪ್ಲಾಸ್ಟಿಕ್ ಥರ ಪದರ ಕಟ್ಟೋ ಪಾಲಿಯುರೆಥೇನ್ ವಾರ್ನಿಶ್ ಅಂಗಡಿಯವ್ರು ಬಲವಂತ ಮಾಡಿ ಕೊಡ್ತಾರೆ, ನಾನಂತೂ ತಗೊಳ್ಳಲ್ಲ, ಪದರ ಎಲ್ಲೋ ಒಂದು ಕಡೆ ಬಿರಿದ್ರೆ ನೀರು ಒಳಗೆ ಹೋಗಿ ಕೂತ್ಕೊಳ್ಳುತ್ತೆ. 'ಟಂಗ್ ಆಯಿಲ್ ಫಿನಿಶ್' ಅಂತ ಬರೆದಿರೋ ಡಬ್ಬಿ ಕೆಲವದ್ರಲ್ಲಿ ಟಂಗ್ ಮರದ ಬೀಜದ ಎಣ್ಣೆನೇ ಇರಲ್ಲ, ಲೇಬಲ್ ಓದಿ. ರೆಸಿನ್ ಕುಡಿಸಿದ ಸ್ಟೆಬಿಲೈಸ್ಡ್ ಮರ ಆದ್ರೆ ಎಣ್ಣೆ ದಂಡ, ಬಫ್ ಮಾಡಿದ್ರೆ ಸಾಕು.

ಬ್ಲೇಡಿಗೆ ಟೇಪ್ ಸುತ್ತಿ. 120, 220, 320, 400 ನಂಬರ್ ಉಪ್ಪುಕಾಗದ (ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟು ನಯ) ಒಂದೂ ಬಿಡದೆ ಉಜ್ಜಿ, 220 ಆದ್ಮೇಲೆ ಒಮ್ಮೆ ಒದ್ದೆ ಬಟ್ಟೆ ಸವರಿ ಎದ್ದ ನಾರನ್ನ ಒಣಗಿದ ಮೇಲೆ ತೆಗೀರಿ. ಹಿಡಿಯ ತುದಿಯಲ್ಲಿ ನಾರು ಅಡ್ಡ ಕತ್ತರಿಸಿರೋ ಭಾಗವನ್ನ 600ರವರೆಗೆ ಉಜ್ಜಿ, ಇಲ್ಲಾಂದ್ರೆ ಜಾಸ್ತಿ ಎಣ್ಣೆ ಹೀರಿ ಕಪ್ಪಾಗುತ್ತೆ. ಟಾರ್ಚನ್ನ ಅಡ್ಡಡ್ಡ ಹಿಡಿದು ನೋಡಿ, ಈಗ ಕಾಣದ ಗೀರು ಎಣ್ಣೆ ಬಿದ್ದ ತಕ್ಷಣ ಎದ್ದು ಕಾಣುತ್ತೆ.

ಈಗ ಎಲ್ಲರೂ ಕೆಡಿಸೋ ಜಾಗ. ಬಟ್ಟೆಯಲ್ಲಿ ಎಣ್ಣೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ, ಎಲ್ಲಿ ಒಣಕಲು ಕಾಣುತ್ತೋ ಅಲ್ಲಿ ಮಾತ್ರ ಇನ್ನೊಂಚೂರು, ಆಮೇಲೆ ಒರೆಸಿ ಅಂದ್ರೆ ಒರೆಸಿ, ಹಚ್ಚಿದ್ದೆಲ್ಲ ವೇಸ್ಟಾಯ್ತು ಅನ್ಸೋವರೆಗೂ ಒಣ ಬಟ್ಟೆಯಲ್ಲಿ ಒರೆಸಿ, ಹಿಡಿಯನ್ನ ಬ್ಲೇಡಿಗೆ ಕಚ್ಚಿಸೋ ಪಿನ್ ಸುತ್ತ, ಲೋಹ ಸೇರೋ ಸಂದಿ ಬಿಡ್ಬೇಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ರಂಧ್ರದಿಂದ ಸಣ್ಣ ಹನಿಗಳು ಮೇಲೆ ಬಂದಿರುತ್ತೆ, ಅದನ್ನೂ ಒರೆಸಿ. ಹಿಡಿ ಯಾವುದಕ್ಕೂ ತಾಗದ ಹಾಗೆ ನೇತು ಹಾಕಿ. ಬಿಸಿಲುಗಾಲದಲ್ಲಿ 24 ಗಂಟೆಗೆ ಮುಂದಿನ ಕೋಟ್, ಮುಂಬೈ ಮಳೆಗಾಲದಲ್ಲಿ ಎರಡು ಮೂರು ದಿನ ಬೇಕು. ಟಿಶ್ಯೂ ಒತ್ತಿ ನೋಡಿ, ಅಂಟಿದ್ರೆ ಕೈ ಹಚ್ಬೇಡಿ. ಹೀಗೆ ನಾಲ್ಕೈದು ಕೋಟ್. ಕೊನೇದಾದ್ಮೇಲೆ ಎರಡು ಮೂರು ವಾರ ಅಡುಗೆಮನೆಗೆ ತರ್ಬೇಡಿ.

ಆ ಎಣ್ಣೆ ಬಟ್ಟೆ ಮುದ್ದೆ ಮಾಡಿ ಡಬ್ಬಕ್ಕೆ ಎಸೀಬೇಡ್ರಪ್ಪ. ಲಿನ್ಸೀಡ್ ಒಣಗುವಾಗ ಶಾಖ ಬರುತ್ತೆ, ಮುದ್ದೆಯೊಳಗೇ ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿಡಿ, ಇಲ್ಲಾ ಒಂಟಿ ಪದರ ಮಾಡಿ ಹೊರಗೆ ಹರಡಿ.

ಬೀಟೆ ಮರದಲ್ಲಿ ಅದರದ್ದೇ ಎಣ್ಣೆಯಂಶ ಇರೋದ್ರಿಂದ ಹಚ್ಚಿದ್ದು ವಾರಗಟ್ಟಲೆ ಅಂಟಂಟು, ಮೊದ್ಲೇ ಅಸಿಟೋನ್‌ನಲ್ಲಿ ಒರೆಸಿ, ಆರಿದ ತಕ್ಷಣ ತೆಳ್ಳಗೆ ಹಚ್ಚಿ.

ಶೆಟ್ರ ಚಾಕು ಟರ್ಪೆಂಟೈನ್‌ನಲ್ಲಿ ಉಜ್ಜಿ ಅಂಟು ಕರಗಿಸಿದ್ವಿ, ಮತ್ತೆ 220ರಿಂದ ಶುರು. ಪಿನ್ ಪಕ್ಕದ ಒಂದು 'ಳ' ಮಾತ್ರ ಹೋಗ್ಲಿಲ್ಲ, ಇನ್ನೂ ಉಜ್ತೀನಿ ಅಂದ್ರೆ ಶೆಟ್ರು ಬಿಡ್ಲಿಲ್ಲ.