ಗ್ರಿಪ್ಪರ್ ಬಂತು, ಕ್ರೆಡಿಟ್ ಬರಲಿಲ್ಲ

ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನ ಪತ್ರಿಕೆ, ಬಿಲ್ ಬುಕ್, ತೋಂಟದಾರ್ಯ ಜಾತ್ರೆ ಬಂತೆಂದರೆ ಪೋಸ್ಟರ್. ಮಷೀನು ಹಳೆಯ ಜರ್ಮನ್ ಆಫ್‌ಸೆಟ್. ಅದರ ಗ್ರಿಪ್ಪರ್‌ಗಳು ಸವೆದಿದ್ದವು. ಹಾಳೆಯ ಅಂಚು ಕಚ್ಚಿ ಸಿಲಿಂಡರ್ ಮೇಲೆ ಒಯ್ಯುವ ಪುಟ್ಟ ಬೆರಳುಗಳವು. ಹಿಡಿತ ತಪ್ಪಿದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಸಿಕ್ಕ ಡೂಪ್ಲಿಕೇಟ್ ಎರಡು ತಿಂಗಳೂ ಬಾಳಲಿಲ್ಲ. ಕೊನೆಗೆ ಜರ್ಮನಿಯಿಂದಲೇ ತರಿಸಿದೆ.

ಕೊರಿಯರ್‌ನವರು ಕೆವೈಸಿ ಕೇಳಿದರು. ಲಗ್ನದ ಸೀಸನ್ನು, ಗಡಿಬಿಡಿಯಲ್ಲಿ ಆಧಾರ್ ಕಳಿಸಿದೆ. ಪಾರ್ಸೆಲ್ ಬಂತು, ತೆರಿಗೆ ಕಟ್ಟಿದೆ. ತಿಂಗಳ ಕೊನೆಗೆ ನಮ್ಮ ಲೆಕ್ಕ ನೋಡುವವರು ಕಾಗದ ತಿರುವಿ ಹೇಳಿದರು: "ಅಣ್ಣಾರ, ಇದು ನಿಮ್ಮ ಹೆಸರಿಲೆ ಬಂದೈತಿ, ಪ್ರೆಸ್ಸಿನ ಜಿಎಸ್‌ಟಿ ನಂಬರ್ ಇಲ್ಲ. ಕ್ರೆಡಿಟ್ ಸಿಗೂದಿಲ್ಲ."

ಕ್ರೆಡಿಟ್ ಅಂದರೆ ಸಾಮಾನು ತರಿಸುವಾಗ ಕಟ್ಟಿದ ಜಿಎಸ್‌ಟಿಯನ್ನು, ಮುಂದೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವುದು. ಆ ಮಾತು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದಾಗ ತಿಳಿಯಿತು. ಸಾಮಾನು, ಸಾಗಣೆ, ವಿಮೆ ಸೇರಿ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಲ ಸುಂಕ ಶೇ 10 ಇದ್ದರೆ 1,000. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 100. ಈಗ ಮೊತ್ತ 11,100 ಆಯಿತಲ್ವಾ, ಅದರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ), 1,998. ಒಟ್ಟು 3,098. ಸುಂಕದ ದರ ಸಾಮಾನಿನ ಮೇಲೆ ಬದಲಾಗುತ್ತದೆ, ಲೆಕ್ಕದ ದಾರಿ ಇದೇ. ಇದರಲ್ಲಿ ಸುಂಕ, ಸರ್‌ಚಾರ್ಜ್ ವಾಪಸ್ ಬರುವುದಿಲ್ಲ. ಆದರೆ ಐಜಿಎಸ್‌ಟಿ, ಅಂದರೆ ದೊಡ್ಡ ಪಾಲು, ನೋಂದಾಯಿತ ವ್ಯಾಪಾರಿಗೆ ಕ್ರೆಡಿಟ್ ಆಗುತ್ತದೆ. ನಾನು ಅದನ್ನೇ ಕಳೆದುಕೊಂಡಿದ್ದೆ.

ಎರಡನೇ ಸಲ ಆರ್ಡರ್‌ಗೆ ಮೊದಲೇ ಪ್ರೆಸ್ಸಿಗೆ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಕೋಡ್ ನಂಬರ್, ಮಾಡಿಸಿದೆ. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ಪ್ಯಾನ್ ಮೇಲೆ ಸಿಗುತ್ತದೆ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಇನ್‌ವಾಯ್ಸ್ ಪ್ರೆಸ್ಸಿನ ಹೆಸರಿಗೇ ಬರೆಸಿದೆ. ಬರೀ 'ಸ್ಪೇರ್ ಪಾರ್ಟ್' ಅಂತ ಬೇಡ, ಯಾವ ಮಷೀನಿನದು, ಏನು ಕೆಲಸ ಮಾಡುತ್ತದೆ, ಎಚ್‌ಎಸ್ ಕೋಡ್ (ಸಾಮಾನು ಯಾವ ವರ್ಗದ್ದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ) ಯಾವುದು, ಎಲ್ಲಾ ಇರಲಿ ಎಂದೆ. ಮುದ್ರಣ ಯಂತ್ರ, ಅದರ ಬಿಡಿಭಾಗಗಳು 8443ರಲ್ಲಿ ಬರುತ್ತವೆ. ಮೊದಲ ಸಲ ಕಸ್ಟಮ್ಸ್‌ನವರು 'ಇದೇನು' ಅಂತ ಕೇಳಿ ನಾಲ್ಕು ದಿನ ಹೋಗಿತ್ತು, ಈ ಸಲ ಪ್ರಶ್ನೆಯೇ ಬರಲಿಲ್ಲ.

ಮಾರುವವನು ಒಳ್ಳೆಯ ಮನಸ್ಸಿನಿಂದಲೇ "ಗಿಫ್ಟ್ ಅಂತ ಬರೆಯಲಾ, ಬೆಲೆ ಕಡಿಮೆ ತೋರಿಸಲಾ" ಎಂದು ಕೇಳಿದ. ಬೇಡವೆಂದೆ. 2019ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಗಿಫ್ಟ್ ತರಿಸಲು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಬಿಟ್ಟರೆ ಅವಕಾಶವಿಲ್ಲ. ಸುಳ್ಳು ಬೆಲೆ ಬರೆದು ಸಿಕ್ಕಿಬಿದ್ದರೆ ಸಾಮಾನೇ ಜಪ್ತಿಯಾಗಬಹುದು. ಮಷೀನು ನಿಂತ ದಿನದ ನಷ್ಟ ನನಗೆ ಗೊತ್ತು.

ಇನ್ನೊಂದು ಮಾತು. ಕೊರಿಯರ್‌ನವರು ನಮ್ಮ ಪರವಾಗಿ ತೆರಿಗೆ ಕಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತಾರೆ. ಪಾರ್ಸೆಲ್‌ಗೊಂದು ಸಲ. ಅದಕ್ಕೇ ಈಗ ಚಿಕ್ಕಪುಟ್ಟದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟು ಒಟ್ಟಿಗೇ ತರಿಸುತ್ತೇನೆ. ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಕಸ್ಟಮ್ಸ್ ದಾಖಲೆ, ಬಂದ ದಿನವೇ ಜಿಎಸ್‌ಟಿ ನಂಬರ್ ಅಂಕಿ ಅಂಕಿ ಹೋಲಿಸಿ ನೋಡಿ ಫೈಲಿಗೆ ಹಾಕುತ್ತೇನೆ.