ಪಾಠದಿಂದ ಏನನ್ನು ತೆಗೆಯಬೇಕು: ನರ್ಸಿಂಗ್ ಟ್ಯೂಟರ್‌ಗಳಿಗೆ ಆನ್‌ಲೈನ್‌ನಲ್ಲಿ ಕಲಿಸಿದ ಅನುಭವ

ಗದಗಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದರ ಜೊತೆಗೆ, ಸಂಜೆ ಹೊತ್ತು, ಹುಬ್ಬಳ್ಳಿ, ಧಾರವಾಡ, ಹಾವೇರಿ, ರಾಣೆಬೆನ್ನೂರು ಕಡೆಯ ಟ್ಯೂಟರ್‌ಗಳಿಗೆ ಆನ್‌ಲೈನ್ ಪಾಠ ಕಟ್ಟುವುದು ಹೇಗೆ ಎಂದು ಆನ್‌ಲೈನ್‌ನಲ್ಲೇ ಹೇಳಿಕೊಡುತ್ತೇನೆ. ಸೇರಿದವರು ಮೊದಲು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: “ಯಾವ ಆ್ಯಪ್ ಚಲೋರೀ ಮೇಡಂ?” ಗೂಗಲ್ ಮೀಟ್ ಆಗಲಿ, ಜೂಮ್ ಆಗಲಿ, ಕಾಲೇಜಿನವರು ಯಾವುದಕ್ಕೆ ದುಡ್ಡು ಕಟ್ಟಿದ್ದಾರೋ ಅದು. ನಾನು ತಿರುಗಿ ಕೇಳುವುದು ಬೇರೆ: “ಮುಂದಿನ ವಾರ ನಿಮ್ಮ ಕ್ಲಾಸಿನಾಗ ಯಾವ ಪಾಠ ಐತ್ರಿ? ಅದನ್ನ ತಗೊಂಡು ಬರ್ರಿ. ಅದರಾಗ ಏನೇನ ತಗದ ಒಗೀಬಹುದು ನೋಡೂಣು.”

ಎಂಎಸ್ಸಿ ಮಾಡಿದವರೆಲ್ಲ ನರ್ಸಿಂಗ್ ಎಜುಕೇಶನ್ ಪತ್ರಿಕೆಗೆ ಕಲಿಕೆಯ ಸಿದ್ಧಾಂತಗಳನ್ನು ಓದಿರುತ್ತಾರೆ. ಸ್ಕಿನ್ನರ್, ಬಂಡೂರ, ನೋಲ್ಸ್, ಕೋಲ್ಬ್ ಎಂದು ಬರೆದು, ಚಿತ್ರ ತೆಗೆದು, ಅಂಕ ತಗೊಂಡು, ಬಿಟ್ಟುಬಿಟ್ಟಿರುತ್ತಾರೆ. 2020ರ ಮಾರ್ಚಿನಲ್ಲಿ ಕಾಲೇಜು ಮುಚ್ಚಿದಾಗ ಆ ಹೆಸರುಗಳು ಯಾರ ನೆರವಿಗೂ ಬರಲಿಲ್ಲ. ಬೋರ್ಡಿನ ಮೇಲಿದ್ದದ್ದು ಸ್ಲೈಡಿಗೆ ಇಳಿಯಿತು, ಅಷ್ಟೇ. ನನಗೆ ಸಿದ್ಧಾಂತದ ಉಪಯೋಗ ಗೊತ್ತಾದದ್ದು ಪಾಠವನ್ನು ಕತ್ತರಿಸಲು ಕೂತಾಗ. ಈ ಸಾಲು ಇರಲೋ ಹೋಗಲೋ, ಈ ಅರ್ಧ ತಾಸು ಬೇಕೋ ಬೇಡವೋ ಎಂಬ ಜಗಳ ಬಂದಾಗ ತೀರ್ಪು ಹೇಳಲು ಒಬ್ಬ ಪಂಚ ಬೇಕಲ್ಲ, ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಒಬ್ಬ ಟ್ಯೂಟರ್ ಹೆರಿಗೆಯ ನಂತರದ ರಕ್ತಸ್ರಾವದ ಪಾಠ ತಂದಿದ್ದರು. ಒಂದೇ ಸ್ಲೈಡಿನಲ್ಲಿ ವ್ಯಾಖ್ಯೆ, ಕಾರಣ, ಲಕ್ಷಣ, ಚಿಕಿತ್ಸೆ ಎಲ್ಲ ಇತ್ತು. ಅದನ್ನೇ ಅಕ್ಷರಕ್ಕೆ ಅಕ್ಷರ ಓದುತ್ತ ಹೋಗುತ್ತಿದ್ದರು. ಶಿಕ್ಷಣ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಲ್ಲಿ ಹೇಳಿದ್ದು ಇಲ್ಲಿ ನೇರ ಅನ್ವಯಿಸುತ್ತದೆ: ಹೊಸ ವಿಷಯವನ್ನು ಹಿಡಿದಿಟ್ಟುಕೊಂಡು ಯೋಚಿಸುವ ಮನಸ್ಸಿನ ಜಾಗ ಬಹಳ ಸಣ್ಣದು, ಅದನ್ನು ಬೇಡದ ಕೆಲಸಕ್ಕೆ ಖರ್ಚು ಮಾಡಿಸಿದರೆ ಕಲಿಕೆಗೆ ಉಳಿಯುವುದಿಲ್ಲ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿಗೆ ಅದೇ ಮಾತು ಇನ್ನೊಂದು ವೇಗದಲ್ಲಿ ಬೀಳುತ್ತದೆ, ಹುಡುಗಿ ಎರಡನ್ನೂ ಹೊಂದಿಸುವುದರಲ್ಲೇ ದಣಿಯುತ್ತಾಳೆ. ರಿಚರ್ಡ್ ಮೇಯರ್ ಮಲ್ಟಿಮೀಡಿಯಾ ಕಲಿಕೆಯ ಬಗ್ಗೆ ಮಾಡಿದ ಕೆಲಸವೂ ಇದನ್ನೇ ಹೇಳುತ್ತದೆ: ಚಿತ್ರವಿದ್ದರೆ ಅದನ್ನು ಬಾಯಿಂದ ವಿವರಿಸಿ, ಅದೇ ಮಾತನ್ನು ಮತ್ತೆ ಪರದೆಯ ಮೇಲೆ ಬರೆಯಬೇಡಿ. ನಾವು ಆ ಸ್ಲೈಡನ್ನು ಒಂದು ಗರ್ಭಾಶಯದ ಚಿತ್ರಕ್ಕೆ ಇಳಿಸಿದೆವು. ಗರ್ಭಾಶಯ ಬಿಗಿಯಾಗದಿರುವುದು, ಗಾಯ, ಒಳಗುಳಿದ ಮಾಸಿನ ಚೂರು, ಹೆಪ್ಪುಗಟ್ಟದ ರಕ್ತ: ನಾಲ್ಕೂ ಕಾರಣ ಚಿತ್ರದ ಮೇಲೇ ಬಂದವು. ಅವುಗಳಲ್ಲಿ ಮೊದಲನೆಯದೇ ಸುಮಾರು ಶೇಕಡಾ 70ರಷ್ಟು ಪ್ರಕರಣಗಳಿಗೆ ಕಾರಣ. ಹಾಗಾಗಿ ಪಾಠದ ಹೆಚ್ಚಿನ ಹೊತ್ತು ಅದಕ್ಕೇ ಹೋಯಿತು. ಉಳಿದದ್ದು ಪಿಡಿಎಫ್ ಆಗಿ ಗ್ರೂಪಿಗೆ.

ಹನಿ ಲೆಕ್ಕದ, ಅಂದರೆ ಸಲೈನ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕೆಂದು ಲೆಕ್ಕ ಹಾಕುವ ಪಾಠವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಬ್ಯಾಚುಗಳಲ್ಲಿ ಎಲ್ಲರೂ ಎರವಲು ಕೇಳುವ ಪಾಠ ಇದು. ಆರ್ಡರ್: ನಾರ್ಮಲ್ ಸಲೈನ್ 500 ಎಂಎಲ್, 4 ತಾಸಿನಲ್ಲಿ ಹೋಗಬೇಕು. ಸಲೈನ್ ಹಾಯಿಸುವ ನಳಿಕೆಯ ಸೆಟ್ಟು 1 ಎಂಎಲ್‌ಗೆ 20 ಹನಿಯದು. ಸಾಮಾನ್ಯವಾಗಿ ಸೂತ್ರ ಬರೆದು, ಒಂದು ಲೆಕ್ಕ ಮಾಡಿ ತೋರಿಸಿ, ಹತ್ತು ಲೆಕ್ಕ ಹೋಮ್‌ವರ್ಕ್ ಕೊಡುವುದು ರೂಢಿ. ಎದುರಿಗೆ ಕೂತಿದ್ದರೆ ಹುಡುಗಿಯರ ಮುಖ ನೋಡಿ ಎಲ್ಲಿ ಸಿಕ್ಕಿಕೊಂಡರು ಎಂದು ತಿಳಿಯುತ್ತದೆ. ಫೋನಿನಲ್ಲಿ ಆ ಮುಖ ಇಲ್ಲ. ಅದಕ್ಕೆ ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ ಕೊಡುತ್ತೇವೆ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 4 ತಾಸು ಅಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಎರಡನೆಯದರಲ್ಲಿ ಅದೇ 500 ಎಂಎಲ್, 6 ತಾಸು. ಹನಿಯ ಮೊತ್ತ, ನಿಮಿಷ ಎರಡನ್ನೂ ನಾವೇ ಬರೆದು ಕೊನೆಯ ಭಾಗಾಕಾರ ಮಾತ್ರ ಖಾಲಿ ಬಿಡುತ್ತೇವೆ, 28 ಬರಬೇಕು. ಮೂರನೆಯದರಲ್ಲಿ ಆಂಟಿಬಯಾಟಿಕ್ 100 ಎಂಎಲ್, 30 ನಿಮಿಷ; ಇಲ್ಲಿ ಮೊದಲ ಹೆಜ್ಜೆ ಮಾತ್ರ ನಮ್ಮದು, ಉತ್ತರ 67. ನಾಲ್ಕನೆಯದು ಪೂರಾ ಅವರದೇ. ಬಿಡಿಸಿದ ಲೆಕ್ಕದಿಂದ ಶುರುಮಾಡುವುದು ಸ್ವೆಲ್ಲರ್ ಮತ್ತು ಅವರ ಜೊತೆಗಾರರ ಅಧ್ಯಯನಗಳಿಂದ, ಆಸರೆಯನ್ನು ಒಂದೊಂದಾಗಿ ಕೀಳುವುದು ರೆಂಕ್ಲ್ ಮತ್ತು ಆಟ್ಕಿನ್ಸನ್ ಅವರ ಅಧ್ಯಯನಗಳಿಂದ ಬಂದದ್ದು. ಆದರೆ ಇದು ಹೊಸಬರಿಗೆ ಮಾತ್ರ. ವಾರ್ಡಿನಲ್ಲಿ ಪಳಗಿದವರಿಗೆ ಇದೇ ಆಸರೆ ಕಿರಿಕಿರಿಯಾಗಿ ಕಲಿಕೆಗೇ ಅಡ್ಡ ಬರುತ್ತದೆ, ಅವರಿಗೆ ನೇರ ಲೆಕ್ಕ ಕೊಡಬೇಕು.

ಆಮೇಲೆ ಒಂದು ಸಣ್ಣ ವಿಡಿಯೋ. ಸ್ಕಿಲ್ ಲ್ಯಾಬಿನಲ್ಲಿ ಸ್ಟ್ಯಾಂಡಿಗೆ ನೀರಿನ ಬಾಟಲಿ ತೂಗುಹಾಕಿ, ಹನಿ ಬೀಳುವ ಡ್ರಿಪ್ ಚೇಂಬರನ್ನು ಹತ್ತಿರದಿಂದ ಹಿಡಿದದ್ದು, ಮಾತಿಲ್ಲ. 15 ಸೆಕೆಂಡ್ ಎಣಿಸಿ, ಮೊದಲಿನ ಆರ್ಡರಿಗೆ ಇದು ಸರಿ ಇದೆಯೋ ಇಲ್ಲವೋ ಹೇಳಿ, ಸರಿ ಇಲ್ಲದಿದ್ದರೆ ಬಾಟಲಿ ಯಾವಾಗ ಖಾಲಿಯಾಗುತ್ತದೆ ಹೇಳಿ. 14 ಹನಿ ಬೀಳುವಂತೆ, ಹನಿಯ ವೇಗ ಹೆಚ್ಚುಕಡಿಮೆ ಮಾಡುವ ರೋಲರ್ ಬಿಟ್ಟಿರುತ್ತೇವೆ. ನಿಮಿಷಕ್ಕೆ 56 ಆಯಿತು. ನಾಲ್ಕು ತಾಸಿಗೆ ಹೋಗಬೇಕಾದದ್ದು ಮೂರು ತಾಸು ತುಂಬುವ ಮೊದಲೇ ಮುಗಿದಿರುತ್ತದೆ. ಸೂತ್ರವನ್ನು ಬಾಯಿಪಾಠ ಹೇಳುವವರೂ ಇಲ್ಲಿ ತಡವರಿಸುತ್ತಾರೆ, ಯಾಕೆಂದರೆ ವಾರ್ಡಿನಲ್ಲಿ ಲೆಕ್ಕ ಹಾಳೆಯ ಮೇಲಿರುವುದಿಲ್ಲ, ತೂಗಾಡುತ್ತಿರುತ್ತದೆ. ಕೆಲವೇ ಸೆಕೆಂಡಿನ ವಿಡಿಯೋ, ಡೇಟಾ ಖರ್ಚು ಇಲ್ಲವೆಂದೇ ಹೇಳಬೇಕು.

ಡೇಟಾದ ಮಾತು ಬಂತು. ನಮ್ಮ ವಿದ್ಯಾರ್ಥಿನಿಯರು ಮುಂಡರಗಿ, ರೋಣ, ಶಿರಹಟ್ಟಿ, ಸವಣೂರು, ಬ್ಯಾಡಗಿ ಕಡೆಯ ಹಳ್ಳಿಗಳವರು. ಮನೆಯಲ್ಲಿ ಒಂದೇ ಒಳ್ಳೆಯ ಫೋನ್, ಅದು ಅಪ್ಪನದೋ ಅಣ್ಣನದೋ. ಟ್ಯೂಟರ್‌ಗಳದೂ ಕಡಿಮೆ ಪಾಡಲ್ಲ. ಆಸ್ಪತ್ರೆಯ ಕ್ಲಿನಿಕಲ್ ಡ್ಯೂಟಿ ಮುಗಿಸಿ, ಬಸ್ಸು ಹಿಡಿದು ಮನೆ ಸೇರಿ, ರೊಟ್ಟಿ ಬಡಿದು ಕೂರುವ ಹೊತ್ತಿಗೆ ಕರೆಂಟ್ ಹೋಗಿರುತ್ತದೆ. ಒಂದೇ ಹೊತ್ತಿಗೆ ಎಲ್ಲರೂ ಹಾಜರಿರಬೇಕೆನ್ನುವ ಕ್ಲಾಸನ್ನು ನಾನು ಬಹುತೇಕ ತೆಗೆದುಹಾಕಿದ್ದೇನೆ. ವಾರಕ್ಕೊಮ್ಮೆ ಮಾತ್ರ ಲೈವ್, ಅದೂ ಪ್ರಶ್ನೆಗಳಿಗೆ.

ಗಿಲ್ಲಿ ಸಾಲ್ಮನ್ 2000ದಲ್ಲಿ ಆನ್‌ಲೈನ್ ಕಲಿಕೆಗೆ ಐದು ಮೆಟ್ಟಿಲು ಹೇಳಿದ್ದಾರೆ. ಮೊದಲನೆಯದು ಒಳಗೆ ಬರುವುದು ಮತ್ತು ಬರಬೇಕೆನ್ನಿಸುವುದು, ಎರಡನೆಯದು ಒಬ್ಬರಿಗೊಬ್ಬರು ಪರಿಚಯವಾಗುವುದು; ಮಾಹಿತಿ ಹಂಚಿಕೆ ಬರುವುದೇ ಮೂರನೆಯದಕ್ಕೆ. ಮೊದಲ ವಾರ ನಾವು ಪಾಠವನ್ನೇ ಮುಟ್ಟುವುದಿಲ್ಲ. ಒಂದು ಗೂಗಲ್ ಫಾರ್ಮ್ ತುಂಬಿ, ಒಂದು ವಾಯ್ಸ್ ಮೆಸೇಜ್ ಹಾಕಿ, ಬೇರೆಯವರ ಒಂದು ಮೆಸೇಜಿಗೆ ಉತ್ತರ ಕೊಡಿ ಎನ್ನುತ್ತೇವೆ. ಪ್ರಿನ್ಸಿಪಾಲರಿಗೆ ಇದು ವೇಳೆ ಹಾಳು ಅನಿಸುತ್ತದೆ. ಈ ವಾರ ಬಿಟ್ಟ ಬ್ಯಾಚುಗಳಲ್ಲಿ ಮುಂದೆ ಇಡೀ ತಿಂಗಳು ‘ಮೇಡಂ ಲಿಂಕ್ ಓಪನ್ ಆಗವಲ್ದು’ ಎನ್ನುವುದೇ ಚರ್ಚೆ.

ಗ್ರೂಪಿನಲ್ಲಿ ಮಾತು ಹುಟ್ಟಬೇಕಾದರೆ ಪ್ರಶ್ನೆ ಸರಿಯಾಗಿರಬೇಕು. ‘ಸ್ತನ್ಯಪಾನದ ಪ್ರಯೋಜನಗಳನ್ನು ಪಟ್ಟಿ ಮಾಡಿ’ ಎಂದರೆ ಒಬ್ಬಳು ಬರೆಯುತ್ತಾಳೆ, ಉಳಿದವರು ಕಾಪಿ ಪೇಸ್ಟ್. ನಾವು ಕೊಡುವ ಕೆಲಸ ಹೀಗಿದೆ: ಬಾಣಂತಿಯ ಅತ್ತೆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರು ಕುಡಿಸಲು ಹೊರಟಿದ್ದಾರೆ. ಒಂದು ನಿಮಿಷದೊಳಗೆ ಆ ಅಜ್ಜಿಗೆ ನಿಮ್ಮ ಮನೆಮಾತಿನಲ್ಲಿ ಹೇಳಿ, ವಾಯ್ಸ್ ಮೆಸೇಜ್ ಕಳಿಸಿ. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳು ಬರೀ ಎದೆಹಾಲು ಎಂಬುದು ಎಲ್ಲರಿಗೂ ಇಂಗ್ಲಿಷಿನಲ್ಲಿ ಗೊತ್ತು. ಅಜ್ಜಿಗೆ ಹೇಳುವಾಗ ಕೆಲವರು ಬೈಯುತ್ತಾರೆ, ಕೆಲವರು ಇಮ್ಯುನೋಗ್ಲಾಬ್ಯುಲಿನ್ ಅನ್ನುತ್ತಾರೆ. ಒಬ್ಬಾಕೆ ಹೇಳಿದ್ದನ್ನು ಈಗಲೂ ಹೊಸ ಬ್ಯಾಚಿಗೆ ಕೇಳಿಸುತ್ತೇನೆ: “ಎವ್ವಾ, ನೀ ಮಮ್ಮಗನ ಸಲುವಾಗೇ ಮಾಡಾಕತ್ತಿ, ನನಗ ಗೊತ್ತೈತಿ. ಈ ಹಾಲು ಸ್ವಲ್ಪನ ಬರತೈತಿ, ಕೂಸಿನ ಹೊಟ್ಟೀನೂ ಈಗ ಸಣ್ಣದ ಐತಿ. ಇದರಾಗ ಬ್ಯಾನಿ ಬರದಂಗ ಕಾಯೂ ಶಕ್ತಿ ಐತಿ, ಸಕ್ರಿ ನೀರಿನಾಗ ಇಲ್ಲ.” ಉಳಿದವರು ಅದನ್ನು ಕೇಳಿ ತಮ್ಮದನ್ನು ಅಳಿಸಿ ಮತ್ತೆ ಕಳಿಸಿದರು, ಯಾರೂ ಹೇಳಿರಲಿಲ್ಲ. ಗ್ಯಾರಿಸನ್, ಆ್ಯಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಹೇಳಿದ ಚೌಕಟ್ಟಿನಲ್ಲಿ ಶಿಕ್ಷಕರ ಇರುವಿಕೆ, ಸಹಪಾಠಿಗಳ ಇರುವಿಕೆ, ವಿಚಾರದ ಇರುವಿಕೆ ಎಂದು ಮೂರಿವೆ. ಎರಡನೆಯದು ಕ್ಯಾಮೆರಾ ಹಚ್ಚಿಸಿದರೆ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕ್ಯಾಮೆರಾ ಕಡ್ಡಾಯವನ್ನೂ ನಾನು ತೆಗೆದಿದ್ದೇನೆ. ಹಿಂದೆ ಗೋಡೆ ಹೇಗಿದೆ, ಯಾರು ಓಡಾಡುತ್ತಾರೆ ಎಂಬ ಸಂಕೋಚದಲ್ಲಿ ಕೂತ ಹುಡುಗಿ ಏನು ಕೇಳಿಯಾಳು?

ಪುಸ್ತಕದಿಂದಲೇ ತೆಗೆಯಬೇಕಾದದ್ದು ಎರಡಿವೆ, ಇದಕ್ಕೆ ಪ್ರತಿ ಬ್ಯಾಚಿನಲ್ಲೂ ವಾದ ಆಗುತ್ತದೆ. ಒಂದು, ‘ಓದಿದರೆ 10 ಶೇಕಡಾ, ಕೇಳಿದರೆ 20 ಶೇಕಡಾ, ಮಾಡಿದರೆ 90 ಶೇಕಡಾ ನೆನಪಿರುತ್ತದೆ’ ಎಂಬ ತ್ರಿಕೋನ. ಇದಕ್ಕೆ ಎಡ್ಗರ್ ಡೇಲ್ ಹೆಸರು ಅಂಟಿಸುತ್ತಾರೆ. ಡೇಲ್ 1946ರಲ್ಲಿ ಕೊಟ್ಟ ಅನುಭವದ ಶಂಕುವಿನಲ್ಲಿ ಅಂಕಿಗಳೇ ಇಲ್ಲ, ಅವು ಆಮೇಲೆ ಯಾರೋ ಸೇರಿಸಿದ್ದು. ಇನ್ನೊಂದು, ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂಬ ವಿಂಗಡಣೆ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಎನ್ನಲು ತಕ್ಕ ಆಧಾರವಿಲ್ಲ ಎಂದು ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲಿಯೇ ಪರಿಶೀಲಿಸಿ ಹೇಳಿದ್ದಾರೆ. ಹಿರಿಯ ಟ್ಯೂಟರೊಬ್ಬರು ಸಿಟ್ಟಾದರು: “ಮೇಡಂ, ಇಪ್ಪತ್ತ ವರ್ಷ ಇದನ್ನ ಕಲಿಸೇವ್ರಿ, ಬುಕ್ಕಿನಾಗೂ ಐತಿ.” ನಾನು ಕೇಳಿದ್ದು ಇಷ್ಟೇ: ಎದೆಬಡಿತದ ಶಬ್ದವನ್ನು ಕಣ್ಣಿನಿಂದ ಕಲಿಯುವ ಹುಡುಗಿಗೆ ಹೇಗೆ ಕಲಿಸುತ್ತೀರಿ ಸರ್? ವಿಷಯವೇ ಹೇಳುತ್ತದೆ ಕಿವಿ ಬೇಕೋ ಕಣ್ಣು ಬೇಕೋ ಎಂದು. ಅವರು ಪೂರ್ತಿ ಒಪ್ಪಲಿಲ್ಲ. ಅವರ ಪಾಠದ ಸ್ಲೈಡ್ ಮಾತ್ರ ಅರ್ಧಕ್ಕಿಳಿಯಿತು.

ಕೈಯಿಂದ ಮಾಡುವ ನರ್ಸಿಂಗ್ ಕೆಲಸಕ್ಕೆ ಬಂದರೆ, ಕೌಶಲದ ಮಟ್ಟ ಅಳೆಯಲು ಜಾರ್ಜ್ ಮಿಲ್ಲರ್ 1990ರಲ್ಲಿ ಬರೆದ ಗೋಪುರವನ್ನು ಗೋಡೆಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ: ಗೊತ್ತು, ಹೇಗೆಂದು ಗೊತ್ತು, ಮಾಡಿ ತೋರಿಸಬಲ್ಲರು, ದಿನವೂ ಮಾಡುತ್ತಾರೆ. ಆನ್‌ಲೈನ್ ಕ್ಲಾಸು ಮೊದಲೆರಡನ್ನು ಚೆನ್ನಾಗಿ ಮುಟ್ಟುತ್ತದೆ, ಮೂರನೆಯದನ್ನು ಅರೆಬರೆ, ನಾಲ್ಕನೆಯದು ವಾರ್ಡಿನದೇ. ಕೈತೊಳೆಯುವುದು ಮೂರನೆಯದಕ್ಕೆ ಸಿಗುವ ವಿಷಯ. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡ್ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹುಡುಗಿಯರು ಮನೆಯ ನಳದ ಮುಂದೆ ಮಾಡಿ ವಿಡಿಯೋ ಕಳಿಸುತ್ತಾರೆ, ಚೆಕ್‌ಲಿಸ್ಟ್ ಹಿಡಿದು ಜೊತೆಯವಳೇ ಅಂಕ ಹಾಕುತ್ತಾಳೆ. ಹೆಬ್ಬೆರಳು ಬಿಟ್ಟವರು ಎಷ್ಟು ಜನ ಎಂದು ಆಗ ಕಾಣುತ್ತದೆ. ವಾರ್ಡಿನಲ್ಲಿ, ರೋಗಿಯ ಹತ್ತಿರ, ಫೋನ್ ತೆಗೆಯುವಂತಿಲ್ಲ. ಇದನ್ನು ಮೊದಲ ದಿನವೇ ಖಡಾಖಂಡಿತ ಹೇಳಿರುತ್ತೇವೆ.

ಇಂಜೆಕ್ಷನ್ನಿಗೆ, ಕೈಕೌಶಲ ಕಲಿಸಲು ಪೇಟನ್ ಹೇಳಿದ ನಾಲ್ಕು ಹೆಜ್ಜೆ ಬಳಸುತ್ತೇವೆ: ಶಿಕ್ಷಕಿ ಮಾತಿಲ್ಲದೆ ಸಹಜ ವೇಗದಲ್ಲಿ ಮಾಡುವುದು, ಆಮೇಲೆ ವಿವರಿಸುತ್ತ ಮಾಡುವುದು, ಮೂರನೆಯ ಸಲ ವಿದ್ಯಾರ್ಥಿನಿ ಹೇಳಿದಂತೆ ಶಿಕ್ಷಕಿ ಮಾಡುವುದು, ಕೊನೆಗೆ ವಿದ್ಯಾರ್ಥಿನಿಯೇ ಹೇಳುತ್ತ ಮಾಡುವುದು. ಮೊದಲೆರಡು ವಿಡಿಯೋ. ಮೂರನೆಯದಕ್ಕೆ ಅದೇ ವಿಡಿಯೋದ ದನಿ ತೆಗೆದು ಕಳಿಸುತ್ತೇವೆ, ಅವರು ತಮ್ಮ ದನಿ ತುಂಬಿ ವಾಪಸ್ ಕಳಿಸಬೇಕು. ಔಷಧಿಯ ಹೆಸರನ್ನು ಮತ್ತೊಮ್ಮೆ ಓದುವ ಕಡೆ ಸುಮ್ಮನಿದ್ದವಳು ಲ್ಯಾಬಿನಲ್ಲೂ ಓದುವುದಿಲ್ಲ ಎಂದು ನಮ್ಮ ಟ್ಯೂಟರ್‌ಗಳು ಗಮನಿಸಿದ್ದಾರೆ. ಅವಳನ್ನು ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಹತ್ತಿರ ಬಿಡುವ ಮೊದಲೇ ಹಿಡಿಯಬಹುದು. ನಾಲ್ಕನೆಯ ಹೆಜ್ಜೆ ಲ್ಯಾಬಿನಲ್ಲೇ, ಎದುರಿಗೇ. ವಿವರಣೆ ಮನೆಯಲ್ಲಿ ಮುಗಿದಿರುವುದರಿಂದ ಲ್ಯಾಬಿನ ತಾಸು ಪೂರ್ತಿ ಕೈಗೆ ಸಿಗುತ್ತದೆ.

ಮರೆವಿನ ವಿಷಯ ಸಣ್ಣದು. ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವಿನ ವೇಗ ಅಳೆದಿದ್ದ. ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದು ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ನಾವು ಬೆಳಿಗ್ಗೆ ಒಂದು ಪ್ರಶ್ನೆ ಹಾಕುತ್ತೇವೆ, ನಿನ್ನೆಯದಲ್ಲ, ಹೋದ ವಾರದ್ದೋ ಹೋದ ತಿಂಗಳದ್ದೋ. ಅಂಕ ಇಲ್ಲ.

ಟ್ಯೂಟರ್‌ಗಳಿಗೂ ಲಿಖಿತ ಪರೀಕ್ಷೆ ಇಟ್ಟಿಲ್ಲ. ವಯಸ್ಕರು ತಮ್ಮ ಕೆಲಸದ ಸಮಸ್ಯೆ ಬಗೆಹರಿಯುವುದಾದರೆ ಮಾತ್ರ ಕಲಿಯಲು ಕೂರುತ್ತಾರೆ ಎಂಬ ನೋಲ್ಸ್ ಮಾತು ಇವರ ಮಟ್ಟಿಗೆ ನೂರಕ್ಕೆ ನೂರು ನಿಜ. ಮೊದಲ ವಾರ ತಂದ ಪಾಠ, ಕೊನೆಯ ವಾರದ ಅದೇ ಪಾಠ, ಎರಡನ್ನೂ ಪಕ್ಕಪಕ್ಕ ಇಟ್ಟು ಏನು ತೆಗೆದಿರಿ, ಯಾಕೆ ತೆಗೆದಿರಿ ಎಂದು ಕೇಳುತ್ತೇನೆ. ಅದಕ್ಕೆ ಪ್ರತಿಯೊಬ್ಬರಿಗೂ ದನಿಯಲ್ಲಿ ಪ್ರತಿಕ್ರಿಯೆ ಕಳಿಸಬೇಕು, ಅಲ್ಲಿಯೇ ನನ್ನ ಹೊತ್ತು ಹೋಗುವುದು. ಕಾಲೇಜಿನ ವರ್ಕ್‌ಲೋಡ್ ರಜಿಸ್ಟರಿನಲ್ಲಿ ಲೈವ್ ಕ್ಲಾಸಿನ ತಾಸಿಗೆ ಕಾಲಂ ಇದೆ, ಪ್ರತಿಕ್ರಿಯೆ ಕೊಡುವ ತಾಸಿಗೆ ಇಲ್ಲ. ಹಾಗಾಗಿ ಬ್ಯಾಚನ್ನು ದೊಡ್ಡದು ಮಾಡಿ ಎಂದು ಕೇಳಿದವರಿಗೆಲ್ಲ ಸದ್ಯಕ್ಕೆ ಆಗುವುದಿಲ್ಲ ಎಂದೇ ಹೇಳುತ್ತಿದ್ದೇನೆ. ಹಿಂದಿನ ಬ್ಯಾಚಿನ ಇಬ್ಬರು ಟ್ಯೂಟರ್‌ಗಳು ಪ್ರತಿಕ್ರಿಯೆಯ ಕೆಲಸ ಹಂಚಿಕೊಳ್ಳಲು ಒಪ್ಪಿದ್ದಾರೆ, ಅವರು ಕೈಹಿಡಿದ ಮೇಲೆ ನೋಡಬೇಕು.