ಕಾಕಂಬಿ ಎಥನಾಲ್ ಹಿಡಿದು ಎಲ್‌ಸಿಎ ಕಲಿಸುವುದು: ಹೊಸ ಸಂಶೋಧಕರಿಗೆ ಎರಡು ವಾರದ ತರಬೇತಿ

ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಈಗಷ್ಟೇ ಸೇರಿದವರಿಗೆ ಎಲ್‌ಸಿಎ, ಅಂದರೆ ಜೀವನಚಕ್ರ ಮೌಲ್ಯಮಾಪನ (ಒಂದು ವಸ್ತು ಹುಟ್ಟಿದಲ್ಲಿಂದ ಬಳಸಿ ಮುಗಿಯುವವರೆಗೆ ಪರಿಸರದ ಮೇಲೆ ಬೀಳುವ ಹೊರೆಯ ಲೆಕ್ಕ) ಕಲಿಸುವಾಗ ಮೊದಲ ದಿನವೇ ಲ್ಯಾಪ್‌ಟಾಪ್ ತೆರೆಸಬೇಡಿ. ಈ ಲೆಕ್ಕದ ಸಾಫ್ಟ್‌ವೇರ್ ಓಪನ್‌ಎಲ್‌ಸಿಎ ಪುಕ್ಕಟೆ ಸಿಗುತ್ತದೆ, ಅರ್ಧ ದಿನದಲ್ಲಿ ಬಣ್ಣದ ಗ್ರಾಫೂ ಬರುತ್ತದೆ. ಆ ಗ್ರಾಫಿನಲ್ಲಿ ಒಂದು ಕಂಬ ಮಾತ್ರ ಯಾಕೆ ಅಷ್ಟೆತ್ತರ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಮೊದಲ ವಾರ ಕಾಗದ, ಪೆನ್ಸಿಲು, ಕ್ಯಾಲ್ಕುಲೇಟರ್ ಸಾಕು. ಸಾಫ್ಟ್‌ವೇರ್ ಎರಡನೇ ವಾರಕ್ಕಿರಲಿ.

ಉದಾಹರಣೆಗೆ ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಮಾಡುವ ಎಥನಾಲ್ ತೆಗೆದುಕೊಳ್ಳಿ. ಕಬ್ಬು ನಮ್ಮವರು ಕಣ್ಣಾರೆ ಕಂಡ ಬೆಳೆ. ಮಂಡ್ಯದಲ್ಲೋ ಬೆಳಗಾವಿಯಲ್ಲೋ ಒಂದು ದಿನ ಹೊಲಕ್ಕೂ ಕಾರ್ಖಾನೆಗೂ ಹೋಗಿ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಜೈವಿಕ ಉತ್ಪನ್ನಗಳ ಲೆಕ್ಕದಲ್ಲಿ ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಇವೆ. 2006ರ ಅಂತರರಾಷ್ಟ್ರೀಯ ಮಾನದಂಡಗಳಾದ ಐಎಸ್‌ಒ 14040 ಮತ್ತು 14044 ಹೇಳುವ ನಾಲ್ಕು ಹಂತಗಳನ್ನು, ಅಂದರೆ ಗುರಿ ಮತ್ತು ವ್ಯಾಪ್ತಿ, ದಾಸ್ತಾನು ಪಟ್ಟಿ (ಒಳಬಂದದ್ದು, ಹೊರಹೋದದ್ದರ ಪಟ್ಟಿ), ಪರಿಣಾಮದ ಅಂದಾಜು, ವ್ಯಾಖ್ಯಾನ ಇವನ್ನು ಒಂದು ತಾಸಿನಲ್ಲಿ ಹೇಳಿ ಮುಗಿಸಿ. ಆ ಪದಗಳಿಗೆ ಅರ್ಥ ಹುಟ್ಟುವುದು ಲೆಕ್ಕ ಮಾಡುವಾಗಲೇ.

ಮೊದಲ ದಿನ: ಒಂದು ಟನ್ ಕಬ್ಬು ಎಲ್ಲಿಗೆ ಹೋಯಿತು?

ಕಪ್ಪುಹಲಗೆ ಮೇಲೆ ಬರೆಯಿರಿ: 1,000 ಕೆಜಿ ಕಬ್ಬು ಅರೆದರೆ ಸುಮಾರು 100 ಕೆಜಿ ಸಕ್ಕರೆ, 45 ಕೆಜಿ ಕಾಕಂಬಿ, 300 ಕೆಜಿ ಸಿಪ್ಪೆ, 35 ಕೆಜಿ ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಗಸಿ). ಕೂಡಿಸಿದರೆ 480. ಉಳಿದ 520 ಕೆಜಿ ಎಲ್ಲಿ ಅಂತ ಕೇಳಿ ಸುಮ್ಮನೆ ಕೂತುಕೊಳ್ಳಿ. ಕಬ್ಬಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇದೆ, ಅದು ಆವಿಯಾಗಿ ಹೋಯಿತು ಅಂತ ಯಾರಾದರೂ ಹೇಳುತ್ತಾರೆ. ಸಿಪ್ಪೆಯ 300 ಕೆಜಿಯಲ್ಲೂ ಅರ್ಧ ನೀರೇ ಎಂಬುದು ಮಾತ್ರ ಬಹುಪಾಲು ಜನರಿಗೆ ಹೊಳೆಯುವುದಿಲ್ಲ. ಒಣ ತೂಕ, ಹಸಿ ತೂಕ ಕಲಸುಮೇಲೋಗರ ಆದರೆ ಬಾಯ್ಲರ್ ಲೆಕ್ಕ ಎರಡು ಪಟ್ಟು ತಪ್ಪುತ್ತದೆ. ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕ ತೇವಾಂಶ ಬರೆಯುವ ಅಭ್ಯಾಸವನ್ನು ಅಂದೇ ಹಾಕಿಸಿ.

ಹೋಲಿಕೆಯ ಅಳತೆಯನ್ನೂ ಅದೇ ದಿನ ಕಟ್ಟಬೇಕು. 'ಒಂದು ಲೀಟರ್ ಎಥನಾಲ್‌ಗೆ ಒಂದು ಲೀಟರ್ ಪೆಟ್ರೋಲ್' ಅಂತ ಹೋಲಿಸುವುದು ಸಲ್ಲದು. ಎಥನಾಲ್ ಲೀಟರಿಗೆ ಸುಮಾರು 21 ಮೆಗಾಜೂಲ್, ಪೆಟ್ರೋಲ್ ಸುಮಾರು 32. ಹೋಲಿಕೆ ಒಂದು ಮೆಗಾಜೂಲ್‌ಗೋ ಒಂದು ಕಿಲೋಮೀಟರ್ ಓಟಕ್ಕೋ ಇರಲಿ.

ಹೊಲದ ಲೆಕ್ಕ

ರೈತರ ಹತ್ತಿರ 'ಹೆಕ್ಟೇರಿಗೆ ಎಷ್ಟು ಕೆಜಿ ಸಾರಜನಕ ಹಾಕ್ತೀರಿ' ಅಂತ ಕೇಳಿದರೆ ಅಂದಾಜಿನ ಉತ್ತರವೇ ಸಿಗುತ್ತದೆ. 'ಎಕರೆಗೆ ಎಷ್ಟು ಮೂಟೆ ಯೂರಿಯಾ, ಎಷ್ಟು ಸಲ?' ಅಂತ ಕೇಳಬೇಕು, ಗೊಬ್ಬರದಂಗಡಿ ಬಿಲ್ ಇದ್ದರೆ ನೋಡಬೇಕು. ಇಳುವರಿಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳದೆ ಕಾರ್ಖಾನೆಯ ತೂಕದ ಚೀಟಿ ಕೇಳಿ.

'ಎಕರೆಗೆ ಐದು ಮೂಟೆ' ಎಂಬ ಉತ್ತರ ಸಿಕ್ಕಿತು ಅನ್ನಿ. ಬೇವು ಲೇಪಿತ ಯೂರಿಯಾ ಮೂಟೆ 2018ರಿಂದ 45 ಕೆಜಿ. ಹಳೆಯ ನೆನಪಿನಲ್ಲಿ 50 ಅಂತ ಹಾಕಿದರೆ ಶುರುವಿನಲ್ಲೇ ನೂರಕ್ಕೆ 11ರಷ್ಟು ಹೆಚ್ಚು. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ, ಆದ್ದರಿಂದ 225 ಕೆಜಿ ಯೂರಿಯಾ ಅಂದರೆ 103.5 ಕೆಜಿ ಸಾರಜನಕ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ ಪ್ರಕಾರ ಇದರ ನೂರಕ್ಕೆ ಒಂದು ಭಾಗ ನೈಟ್ರಸ್ ಆಕ್ಸೈಡ್‌ನ ಸಾರಜನಕವಾಗಿ ಗಾಳಿಗೆ ಹೋಗುತ್ತದೆ. ಅದನ್ನು 44/28ರಿಂದ (ನೈಟ್ರಸ್ ಆಕ್ಸೈಡ್‌ನ ತೂಕಕ್ಕೂ ಅದರೊಳಗಿನ ಸಾರಜನಕದ ತೂಕಕ್ಕೂ ಇರುವ ಅನುಪಾತ) ಗುಣಿಸಿದರೆ 1.63 ಕೆಜಿ ನೈಟ್ರಸ್ ಆಕ್ಸೈಡ್. ಈ 44/28 ಮರೆಯದ ವಿದ್ಯಾರ್ಥಿ ಅಪರೂಪ! ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿಯೇರಿಸುತ್ತದೆ ಎನ್ನುತ್ತದೆ ಐಪಿಸಿಸಿಯ ಆರನೇ ವರದಿ; ಆ 273ರಿಂದ ಗುಣಿಸಿದರೆ 444 ಕೆಜಿ. (ಇಲ್ಲಿಂದ ಮುಂದೆ ಸುಮ್ಮನೆ ಕೆಜಿ ಅಂದಿದ್ದೆಲ್ಲ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿಸಿದ್ದು.) ಯೂರಿಯಾ ಮಣ್ಣಲ್ಲಿ ಒಡೆದಾಗ ಹೊರಬರುವ ಇಂಗಾಲ ಬೇರೆ: 225 × 0.20 × 44/12, ಅಂದರೆ 165 (0.20 ಯೂರಿಯಾದಲ್ಲಿರುವ ಇಂಗಾಲದ ಪಾಲು, 44/12 ಅದನ್ನು ಡೈಆಕ್ಸೈಡ್ ತೂಕಕ್ಕೆ ತಿರುಗಿಸುವ ಅನುಪಾತ). ಒಟ್ಟು 609. ಎಕರೆಗೆ 40 ಟನ್ ಇಳುವರಿ ಹಿಡಿದರೆ ಟನ್ ಕಬ್ಬಿಗೆ 15.2 ಕೆಜಿ.

ಇಲ್ಲಿಗೇ ಬಿಡಬೇಡಿ. ಆ 'ನೂರಕ್ಕೆ ಒಂದು' ಎಂಬುದು 0.3ರಿಂದ 3ರವರೆಗೂ ಇರಬಹುದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಅಂದರೆ 444 ಎಂಬುದು 133 ಆಗಬಹುದು, 1,332ಊ ಆಗಬಹುದು. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮುಂದೆ ಪ್ರಬಂಧದಲ್ಲಿ 15.2254 ಅಂತ ಬರೆಯಲು ಹಿಂಜರಿಯುತ್ತಾರೆ.

ನೀರಾವರಿಗೆ ಬನ್ನಿ. ನಾಲೆ ನೀರಾದರೆ ಕರೆಂಟಿನ ಲೆಕ್ಕ ಸೊನ್ನೆಯ ಹತ್ತಿರ. ಬೋರ್‌ವೆಲ್ ಆದರೆ ಬಿಲ್ ಸಿಗುವುದಿಲ್ಲ, ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಬಿಲ್ ಇಲ್ಲವೆಂದು ಆ ಸಾಲನ್ನು ಖಾಲಿ ಬಿಟ್ಟವರ ಪಟ್ಟಿ ವಾಪಸ್ ಕೊಡಿ. 5 ಎಚ್‌ಪಿ ಎಂದರೆ 3.73 ಕಿಲೋವ್ಯಾಟ್. ಮೋಟಾರ್ ದಕ್ಷತೆ ನೂರಕ್ಕೆ 80 ಹಿಡಿದರೆ ಎಳೆಯುವುದು 4.66. ಬೆಳೆಯವಧಿಗೆ 400 ತಾಸು ಓಡಿದರೆ 1,865 ಯೂನಿಟ್. ನಮ್ಮ ಗ್ರಿಡ್‌ಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಹಿಡಿದರೆ 1,305. ಆ ಪಂಪು ಎರಡೆಕರೆಗೆ ನೀರುಣಿಸುತ್ತಿದ್ದರೆ ಎಕರೆಗೆ ಸುಮಾರು 650, ಗೊಬ್ಬರದ 609ಕ್ಕಿಂತಲೂ ಹೆಚ್ಚು. ಒಂದೇ ಜಿಲ್ಲೆಯ ಎರಡು ಹೊಲಗಳ ಉತ್ತರ ಎರಡು ಪಟ್ಟು ಬೇರೆಯಾಗುವುದು ಹೀಗೆ.

ಇನ್ನೆರಡು ಮಾತು. ಉಳುಮೆಯ ಡೀಸೆಲ್ಲನ್ನೂ ಬಿತ್ತನೆ ಕಬ್ಬನ್ನೂ ಮೊದಲ ಬೆಳೆಗೇ ಕಟ್ಟದೆ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ) ಬೆಳೆಗಳಿಗೂ ಹಂಚಬೇಕು. ರವದಿ (ಕಬ್ಬಿನ ಒಣ ಸೋಗೆ) ಸುಟ್ಟರೆ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕಿಲ್ಲ, ಅದು ಬೆಳೆ ಹೀರಿದ್ದೇ ವಾಪಸ್, ಆದರೆ ಮೀಥೇನ್, ನೈಟ್ರಸ್ ಆಕ್ಸೈಡ್ ಲೆಕ್ಕಕ್ಕಿವೆ. ಐಪಿಸಿಸಿ ಅಂಕಿಗಳಲ್ಲಿ, ಸುಟ್ಟ ಪ್ರತಿ ಟನ್ ಒಣ ರವದಿಗೆ ಸುಮಾರು 92 ಕೆಜಿ.

ಹಂಚಿಕೆ: ಇದಕ್ಕೆ ಎರಡು ಪೂರ್ತಿ ದಿನ ಕೊಡಿ

ಟನ್ ಕಬ್ಬಿನ ಆ 15.2 ಕೆಜಿಯಲ್ಲಿ ಕಾಕಂಬಿಯ ಪಾಲು ಎಷ್ಟು? ಗುಂಪನ್ನು ಎರಡು ಭಾಗ ಮಾಡಿ. ಒಬ್ಬರು ತೂಕದ ಪ್ರಕಾರ ಹಂಚಲಿ: 145ರಲ್ಲಿ 45, ನೂರಕ್ಕೆ 31. ಇನ್ನೊಬ್ಬರು ಬೆಲೆಯ ಪ್ರಕಾರ. ಅಭ್ಯಾಸಕ್ಕೆಂದು ಸಕ್ಕರೆ ಕೆಜಿಗೆ 38 ರೂಪಾಯಿ, ಕಾಕಂಬಿ 8 ರೂಪಾಯಿ ಇಟ್ಟುಕೊಳ್ಳಿ: 3,800ಕ್ಕೆ ಎದುರು 360, ನೂರಕ್ಕೆ 9ಕ್ಕೂ ತುಸು ಕಡಿಮೆ. 45 ಕೆಜಿ ಕಾಕಂಬಿಯಿಂದ ಸುಮಾರು 10.1 ಲೀಟರ್ ಎಥನಾಲ್. ತೂಕದವರಿಗೆ ಲೀಟರಿಗೆ 0.47 ಕೆಜಿ ಬರುತ್ತದೆ, ಬೆಲೆಯವರಿಗೆ 0.13. ಹೊಲ ಅದೇ, ಗೊಬ್ಬರ ಅದೇ, ಉತ್ತರ ಮಾತ್ರ ಮೂರೂವರೆ ಪಟ್ಟು ಬೇರೆ.

ಯಾರದು ಸರಿ ಅಂತ ಕೇಳುತ್ತಾರೆ. ತೀರ್ಪು ಕೊಡಲು ಹೋಗಬೇಡಿ. ಸಾಧ್ಯವಾದರೆ ಹಂಚಿಕೆಯನ್ನೇ ತಪ್ಪಿಸಿ, ಆಗದಿದ್ದರೆ ಭೌತಿಕ ಸಂಬಂಧದ ಮೇಲೆ, ಅದೂ ಆಗದಿದ್ದರೆ ಬೆಲೆಯಂಥ ಬೇರೆ ಸಂಬಂಧದ ಮೇಲೆ ಹಂಚಿ ಎಂಬುದು 14044ರ ಕ್ರಮ. ಒಂದಕ್ಕಿಂತ ಹೆಚ್ಚು ವಿಧಾನ ಅನ್ವಯಿಸುವಂತಿದ್ದರೆ ಫಲಿತಾಂಶ ಎಷ್ಟು ಬದಲಾಗುತ್ತದೆಂದು ತೋರಿಸಲೇಬೇಕು. ಬೆಲೆ ಹಿಡಿದವರು ಯಾವ ವರ್ಷದ, ಎಷ್ಟು ವರ್ಷಗಳ ಸರಾಸರಿ ಅಂತ ಬರೆಯಲಿ, ಕಾಕಂಬಿ ದರ ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ. ಕಾರ್ಖಾನೆ ಸಿಪ್ಪೆಯಿಂದ ವಿದ್ಯುತ್ ಮಾಡಿ ಗ್ರಿಡ್‌ಗೆ ಮಾರುತ್ತಿದ್ದರೆ ಅದು ಮೂರನೇ ಉತ್ಪನ್ನ, ಮತ್ತೊಮ್ಮೆ ಹಂಚಬೇಕು.

ಬಿಟ್ಟುಹೋಗುವ ಹೊಂಡ

ಹೊಸಬರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಡಿಸ್ಟಿಲರಿಯ ಸ್ಪೆಂಟ್ ವಾಶ್, ಅಂದರೆ ಎಥನಾಲ್ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆನೀರು. 'ಅದು ತ್ಯಾಜ್ಯವಲ್ಲವೇ' ಅನ್ನುತ್ತಾರೆ. ಲೀಟರ್ ಎಥನಾಲ್‌ಗೆ ಸುಮಾರು 10 ಲೀಟರ್ ಸ್ಪೆಂಟ್ ವಾಶ್ ಬರುತ್ತದೆ, ಅದರ ಸಿಒಡಿ (ಕೊಳೆಯ ಅಳತೆ: ಅದನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ಲೀಟರಿಗೆ 100 ಗ್ರಾಂ ಆಸುಪಾಸು, ಅಂದರೆ ಒಟ್ಟು 1 ಕೆಜಿ ಸಿಒಡಿ. ಆಳವಾದ ತೆರೆದ ಹೊಂಡದಲ್ಲಿ ಕೊಳೆತರೆ 0.25 (ಕೆಜಿ ಸಿಒಡಿಯಿಂದ ಹೆಚ್ಚೆಂದರೆ ಹುಟ್ಟುವ ಮೀಥೇನ್) × 0.8 (ಇಂಥ ಹೊಂಡದಲ್ಲಿ ಅದರಲ್ಲಿ ನಿಜಕ್ಕೂ ಹುಟ್ಟುವ ಪಾಲು), ಅಂದರೆ 0.2 ಕೆಜಿ ಮೀಥೇನ್. ಮೀಥೇನ್‌ನ ಬಿಸಿಯೇರಿಕೆಯ ಅಂಕಿ 27ರಿಂದ ಗುಣಿಸಿದರೆ 5.4 ಕೆಜಿ. ಒಂದು ಲೀಟರ್ ಪೆಟ್ರೋಲ್ ಉರಿಸಿದರೆ ಬರುವುದು ಸುಮಾರು 2.3. ಈಗ ಡಿಸ್ಟಿಲರಿಗಳು ಹನಿ ದ್ರವವನ್ನೂ ಹೊರಬಿಡಬಾರದೆಂಬ ನಿಯಮವಿದೆ, ಡೈಜೆಸ್ಟರ್‌ನಲ್ಲಿ (ಮುಚ್ಚಿದ ಕೊಳೆಸುವ ತೊಟ್ಟಿ) ಅನಿಲ ಹಿಡಿಯುತ್ತಾರೆ ಅಥವಾ ಬಾಯ್ಲರ್‌ನಲ್ಲಿ ಸುಡುತ್ತಾರೆ. ಡೈಜೆಸ್ಟರ್‌ನಿಂದ ಅಷ್ಟು ಮೀಥೇನ್‌ನಲ್ಲಿ ನೂರಕ್ಕೆ 5 ಸೋರಿದರೂ 0.27 ಕೆಜಿ, ಬೆಲೆಯವರು ಗೊಬ್ಬರಕ್ಕೆ ಕೊಟ್ಟ ಪಾಲಿನ ಎರಡು ಪಟ್ಟು. ಕಾರ್ಖಾನೆ ಭೇಟಿಯ ದಿನ ಅರ್ಧ ಹೊತ್ತು ಈ ಘಟಕದ ಬಳಿ ಕಳೆಯಿರಿ.

ಇನ್ನೊಂದು ಮೋಸ ಋಣ ಚಿಹ್ನೆಯದು. ಕಬ್ಬು ಹೀರಿದ ಇಂಗಾಲವನ್ನು ಕಳೆದು, ಲೆಕ್ಕವನ್ನು ಕಾರ್ಖಾನೆ ಗೇಟಿಗೆ ನಿಲ್ಲಿಸಿದರೆ ಲೀಟರಿಗೆ ಮೈನಸ್ 1.5 ಕೆಜಿ ಲಾಭ ಬಂದಂತೆ ಕಾಣುತ್ತದೆ. ಎಂಜಿನ್‌ನಲ್ಲಿ ಉರಿದಾಗ ಅಷ್ಟೂ ಗಾಳಿಗೆ ವಾಪಸ್. ಹೀರಿದ್ದನ್ನು ಬರೆದವರು ಉರಿದದ್ದನ್ನೂ ಬರೆಯಲಿ, ಇಲ್ಲವೇ ಎರಡನ್ನೂ ಬಿಡಲಿ.

ಎರಡನೇ ವಾರ

ಈಗ ಸಾಫ್ಟ್‌ವೇರ್ ತೆರೆಯಿರಿ. ನಿಯಮ ಒಂದೇ: ಕೈಲೆಕ್ಕದ ಅಂಕಿ ತೆರೆಯ ಮೇಲೂ ಬರಬೇಕು, ಬರುವವರೆಗೆ ಮುಂದಿನ ಹೆಜ್ಜೆ ಇಲ್ಲ. ಡೇಟಾಬೇಸಿನಲ್ಲಿ ಕಬ್ಬು ಅಂತ ಹುಡುಕಿ ಮೊದಲು ಸಿಕ್ಕ ಬ್ರೆಜಿಲ್ ಕಬ್ಬನ್ನು ಎಳೆದು ಹಾಕುವುದು ಸಾಮಾನ್ಯ. ಅಲ್ಲಿಯ ಇಳುವರಿ, ಯಂತ್ರ ಕಟಾವು, ವಿದ್ಯುತ್ ಮೂಲ ಎಲ್ಲವೂ ಬೇರೆ. ಯೂರಿಯಾ ತಯಾರಿಕೆ, ಡೀಸೆಲ್ ಇಂಥ ಹಿನ್ನೆಲೆ ಅಂಕಿಗಳಿಗಷ್ಟೇ ಡೇಟಾಬೇಸ್ ಸಾಕು, ಹೊಲದ್ದು ಕೈಯಾರೆ ತಂದದ್ದೇ ಇರಲಿ.

ಇಂಗಾಲವೊಂದನ್ನೇ ನೋಡಿ ಮುಗಿಸುವಂತಿಲ್ಲ. ನೀರಿಗೆ ಅವೇರ್ (ಆ ಪ್ರದೇಶದ ನೀರಿನ ಕೊರತೆಯನ್ನು ಲೆಕ್ಕಕ್ಕೆ ತರುವ) ವಿಧಾನ ಬಳಸಿ, ಆದರೆ ನಾಲೆ ನೀರು ಮತ್ತು ಬೋರ್‌ವೆಲ್ ನೀರನ್ನು ಪಟ್ಟಿಯಲ್ಲಿ ಬೇರೆಬೇರೆ ಸಾಲಿನಲ್ಲಿಡಿ. ಸಾಮಾಜಿಕ ಭಾಗಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಯುಎನ್‌ಇಪಿಯ 2020ರ ಮಾರ್ಗಸೂಚಿ ಇದೆ. ಕಟಾವಿನ ಗ್ಯಾಂಗಿನವರನ್ನು ಮಾತಾಡಿಸುವಾಗ ಮೇಸ್ತ್ರಿ ಪಕ್ಕದಲ್ಲಿರಬಾರದು. ಮುಂಗಡ ಎಷ್ಟು, ಟನ್ನಿಗೆ ಕೂಲಿ ಎಷ್ಟು, ಮಕ್ಕಳು ಶಾಲೆಗೆ ಎಲ್ಲಿ ಹೋಗುತ್ತಾರೆ, ಈ ಮೂರು ಪ್ರಶ್ನೆ ಕೇಳಿಸಿ.

ಕೊನೆಯ ಎರಡು ದಿನ ಪಟ್ಟಿಗಳನ್ನು ಅದಲುಬದಲು ಮಾಡಿಸಿ. ಒಂದು ಗುಂಪಿನ ಹಾಳೆ ಮಾತ್ರ ನೋಡಿ, ಬಾಯಲ್ಲಿ ಏನೂ ಕೇಳದೆ, ಇನ್ನೊಂದು ಗುಂಪು ಅದೇ ಉತ್ತರ ತರಬೇಕು. ಬರದಿದ್ದರೆ ಮೊದಲು ಮೂಟೆಯ ತೂಕ, ಎಕರೆ-ಹೆಕ್ಟೇರ್, ಸಿಪ್ಪೆಯ ತೇವಾಂಶ ಈ ಮೂರು ಸಾಲು ನೋಡಿ.